ಗಾಡಿ ಯಾರ ಹೆಸರಿಗೆ?

ಮೊನ್ನೆ ನಂಜನಗೂಡಿನ ದೇವಸ್ಥಾನದ ಮುಂದೆ ನನ್ನ ಹೊಸ ಕಾರಿನ ಚಕ್ರಕ್ಕೆ ಸಿಕ್ಕಿ ನಿಂಬೆಹಣ್ಣು ಪಚಕ್ಕೆಂದಿತು. ಆ ಹುಳಿ ವಾಸನೆಗೆ ಸೀಟಿನ ಪ್ಲಾಸ್ಟಿಕ್ಕಿನ ವಾಸನೆ ಬೆರೆತದ್ದೇ ತಡ, ಪಕ್ಕದ ಮನೆ ಅಕ್ಕ ನೆನಪಾದರು...

ಟಿ. ನರಸೀಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಿಗೆ ಒಬ್ಬಟ್ಟು, ಕಜ್ಜಾಯ ಮಾಡಿಕೊಟ್ಟು ಬದುಕಿದವರು. ಬದನವಾಳಿನ ತವರಿಗೆ ಸ್ವಂತ ಕಾರಿನಲ್ಲಿ ಹೋಗಿ ಇಳಿಯಬೇಕೆಂಬುದು ಅವರ ಆಸೆ. ಓಡಿಸಲು ಮನೆಯಲ್ಲೇ ಮೈದುನನಿದ್ದ. ಗಾಡಿ ಮಾತ್ರ ತಮ್ಮ ಹೆಸರಿಗೇ ಆಗಬೇಕು. "ಮನೆ ಮಾವ್ನೋರ್ದು, ಒಲ ಮೈದುನಂದು. ಇದೊಂದಾರ ನಂದೂಂತ ಇರ್ಲಿ ಕಣಪ್ಪ" ಎನ್ನುತ್ತಿದ್ದರು.

ಕಾಗದ ಪತ್ರ ನೋಡಿಕೊಳ್ಳಲು ನನ್ನನ್ನೂ ಷೋರೂಮಿಗೆ ಕರೆದೊಯ್ದರು. ಅಲ್ಲಿನ ಹುಡುಗಿ ಆಧಾರ್ ಓದಿದಳು, ಪ್ಯಾನ್ ಓದಿದಳು. "ಇವ್ರಿಬ್ರಲ್ಲಿ ನೀವ್ಯಾರಮ್ಮ?" ಎಂದಳು.

ಆದದ್ದಿಷ್ಟು. ಅಕ್ಕನಿಗೆ ತವರಿನಲ್ಲಿ ಇಟ್ಟ ಹೆಸರೂ ಅವರ ಅತ್ತೆಯ ಹೆಸರೂ ಒಂದೇ. ಹೆತ್ತವಳ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದು ಹೇಗೆ, ಬೈಯುವುದಂತೂ ಹೇಗೆ? ಅದಕ್ಕೇ ಮದುವೆಯ ದಿನವೇ ತಟ್ಟೆಯ ಅಕ್ಕಿಯ ಮೇಲೆ ಬೇರೆ ಹೆಸರು ಬರೆಸಿ ಮನೆ ತುಂಬಿಸಿಕೊಂಡಿದ್ದರು. ಶಾಲೆಯ ಟಿ.ಸಿ. ಕೊಟ್ಟು ಮಾಡಿಸಿದ ಆಧಾರ್‌ನಲ್ಲಿ ತವರಿನ ಹೆಸರು. ಪ್ಯಾನ್‌ನಲ್ಲಿ, ಬ್ಯಾಂಕಿನಲ್ಲಿ ಗಂಡನ ಮನೆಯದು. ಅಫಿಡವಿಟ್ ಮಾಡಿಸಿ ಯಾವುದಾದರೂ ಒಂದನ್ನು ತಿದ್ದಿಸಿಕೊಂಡು ಬನ್ನಿ ಎಂದರು ಷೋರೂಮಿನವರು.

ಆದರೆ ಆಷಾಢ ಬಾಗಿಲಲ್ಲೇ ನಿಂತಿತ್ತು. ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವ ಮಾತೇ ಇಲ್ಲ.

"ಈಗ ನನ್ನೆಸ್ರುಗೆ ಮಾಡ್ಸವ ಅತ್ಗೆ. ಆಮೇಕೆ ಬದ್ಲಾಯ್ಸುದ್ರಾಯ್ತು" ಎಂದ ಮೈದುನ.

ಶ್ರಾವಣದವರೆಗೆ ಕಾಯೋಣ ಎಂದು ನಾನು ಹೇಳಿನೋಡಿದೆ. ಅಕ್ಕ ಕಾರಿನ ಬಾಗಿಲನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು. "ಓಡ್ಸೋನು ಅವ್ನೇ ತಾನೆ? ಮನೇಲಿ ಮಾತು ಬ್ಯಾಡ ಬುಡಪ್ಪ" ಎಂದರು.

ಪೂಜೆಗೆ ಬಂದದ್ದು ಇದೇ ನಂಜನಗೂಡಿಗೆ. ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರು. ಮೈದುನ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಗುಡಿಯತ್ತ ಕೈ ಮುಗಿದು, "ನಂಜುಂಡಪ್ಪನ ಎಸ್ರುಗೇ ಮಾಡ್ಬುಡಿ ಸ್ವಾಮಿ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಕಾಯಿ ಒಡೆದೆ.

ಆ 'ಆಮೇಕೆ' ಬರಲೇ ಇಲ್ಲ. ಬದನವಾಳಿಗೇನೋ ಅದೇ ಕಾರಿನಲ್ಲಿ ಹೋಗಿ ಬಂದರು. ಆದರೆ ಯಾರಾದರೂ "ನಿಮ್ದಾ?" ಎಂದು ಕೇಳಿದರೆ "ನಮ್ಮನೇದು" ಎನ್ನುತ್ತಿದ್ದರೇ ಹೊರತು ನನ್ನದು ಎಂದದ್ದನ್ನು ನಾನು ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಮೈದುನ ಅದನ್ನು ಮಾರಿದ. ಅವನ ಸಹಿ ಸಾಕಾಯಿತು. ಕೆಟ್ಟವನಲ್ಲ ಅವನು, ಅದಕ್ಕೇ ನನಗೆ ಹೆಚ್ಚು ಸಂಕಟ. ಯಾರ ಮೇಲೆ ಸಿಟ್ಟಾಗಲಿ?

ಮೊನ್ನೆ ಅರ್ಚಕರು ಯಾರ ಹೆಸರಿಗೆ ಎಂದಾಗ ನನ್ನ ಹೆಸರು ಹೇಳಿದೆ. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದ ಮೇಲೆ ಅಕ್ಕನ ತವರಿನ ಹೆಸರು ನೆನಪಿಸಿಕೊಳ್ಳಲು ನೋಡಿದೆ. ಷೋರೂಮಿನ ಹುಡುಗಿ ಒಮ್ಮೆ ಗಟ್ಟಿಯಾಗಿ ಓದಿದ್ದಳು... ಬರಲಿಲ್ಲ. ನಾಲಿಗೆಗೆ ಬಂದದ್ದು ಅಕ್ಕಿಯ ಮೇಲೆ ಬರೆಸಿದ ಹೆಸರೇ. ಆ ಇನ್ನೊಂದು ಹೆಸರಿನಿಂದ ಅವರನ್ನು ಕೂಗಿದವರು ಬದನವಾಳಿನಲ್ಲೂ ಈಗ ಯಾರೂ ಉಳಿದಿಲ್ಲ.

ಮೈದುನನನ್ನು ಕೇಳಬಹುದು. ಆದರೆ ಅವನು ಹೇಳುವುದು ಅವನ ತಾಯಿಯ ಹೆಸರನ್ನು.