ಹನುಮಂತರಾಯಪ್ಪನ ಮನೆಗೆ ಅಂಜಿನಮ್ಮನ ಹಸು

ಮಧುಗಿರಿಗೆ ಬಂದವರೆಲ್ಲ ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು, ಇಳಿದು ಇಡ್ಲಿ ತಿಂದು ವಾಪಸಾಗುತ್ತಾರೆ. ನನ್ನ ಮಂಡಿಗಳು ಬೆಟ್ಟಕ್ಕೆ ಒಪ್ಪಲಿಲ್ಲ. ಹಾಗಾಗಿ ಇಡ್ಲಿ ಮಾತ್ರ ತಿಂದು, ಬೆಳಗಿನ ಆರಕ್ಕೆಲ್ಲ ಪಾವಗಡದ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನನಗೆ ಊರು ಸುತ್ತುವ ಚಟ ಹೆಚ್ಚಾಗಿದೆ. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು, "ಪಾವಗಡದಾಗೆ ಯಾರವ್ರೆ ಮೇಡಂ?" ಎಂದರು. ಯಾರೂ ಇಲ್ಲ ಎಂದಾಗ ಕನಿಕರದಿಂದ ನೋಡಿದರು.

ಎರಡು ಗಂಟೆಯ ದಾರಿ. ಮಿಡಿಗೇಶಿ ದಾಟಿದ ಮೇಲೆ ಎಲ್ಲೆಲ್ಲೂ ಬಂಡೆಗುಡ್ಡ, ಹುಣಸೆಮರ. ಆ ವಾರ ಮಳೆ ಬಿದ್ದು ಗಾಳಿ ತಂಪಾಗಿತ್ತು. ಪಾವಗಡದಲ್ಲಿ ಬಸ್ಸು ಬದಲಿಸಿ, ಬಡಗಣ ಹಳ್ಳಿಗಳ ಕಡೆ ಹೊರಟೆ. ಪಕ್ಕದಲ್ಲಿ ಚೆಂಡುಹೂವಿನ ಹಾರ ಮಡಿಲಲ್ಲಿಟ್ಟುಕೊಂಡ ಐವತ್ತರ ಹೆಂಗಸೊಬ್ಬಳು ಕುಳಿತಳು. ಹೆಸರು ಅಂಜಿನಮ್ಮ. ಹಾರ ಯಾವ ದೇವರಿಗೆ ಎಂದು ಕೇಳಿದೆ.

"ದೇವ್ರಿಗಲ್ಲಮ್ಮಾ, ನಮ್ಮ ಗೌರಿಗೆ. ನಮ್ಮ ಹಸ. ಇವತ್ತು ಹನುಮಂತರಾಯಣ್ಣನ ಹೊಸ ಮನೆಗೆ ಮೊದ್ಲು ಅದೇ ಕಾಲಿಡಬೇಕು."

ಕಿಟಕಿಯಾಚೆ ಸೋಲಾರ್ ಪ್ಲೇಟುಗಳು ಶುರುವಾಗಿದ್ದವು, ಕಣ್ಣು ಹಾಯಿಸಿದಷ್ಟೂ ದೂರ. ಸೋಲಾರ್ ಕಂಪನಿಗೆ ಹೊಲ ಗುತ್ತಿಗೆಗೆ ಕೊಟ್ಟವರಿಗೆ ವರ್ಷಾವರ್ಷ ಬಾಡಿಗೆ ಬರುತ್ತದೆ. ಹೊಲವೇ ಇಲ್ಲದ ಅಂಜಿನಮ್ಮನಂಥವರಿಗೆ ಕೂಲಿಯೂ ಹೋಯಿತು, ದನ ಮೇಯಿಸುವ ಬದುವೂ ಹೋಯಿತು. ಹಸುವಿನ ಹಾಲೇ ಅವಳ ಸಂಸಾರ. ಮೇವಿಗೆ ದಿನಾ ಮೂರು ಮೈಲಿ ನಡೆಯುತ್ತಾಳೆ.

"ಪ್ಲೇಟ್ ಕೆಳಗೆ ಹುಲ್ಲು ನೋಡಮ್ಮಾ, ಮೊಣಕಾಲುದ್ದ ಬೆಳ್ದೈತೆ. ನಾಳೆ ಮಿಷನ್ ತಂದು ಕತ್ತರಿಸಿ ಬಿಸಾಕ್ತಾರೆ. ಹಸ ಕೊಟ್ಟಿದ್ದಕ್ಕೆ ಆವಣ್ಣನ್ನ ಆ ಹುಲ್ಲೇ ಕೇಳಾಣ ಅಂತಿದೀನಿ. ನೀನೂ ಬಾ, ಉಂಡ್ಕಂಡು ಹೋಗುವಂತೆ."

ಮನೆಯವರು ಕರೆಯದೆ ಹೋಗುವುದು ಹೇಗೆ ಎಂದು ಒಂದು ನಿಮಿಷ ಸಂಕೋಚಪಟ್ಟೆ. ಹೋಳಿಗೆಯ ನೆನಪಾಗಿ ಇಳಿದುಬಿಟ್ಟೆ.

ಮೂರಂತಸ್ತಿನ ಮನೆ, ಗುಲಾಬಿ ಬಣ್ಣ. ಎದುರಿಗೇ, ಎತ್ತಿನಗಾಡಿ ಹಿಡಿಯುವಷ್ಟು ಓಣಿಯಾಚೆ, ಅಂಜಿನಮ್ಮನ ತಗಡಿನ ಸೂರು. ಹೊಲವನ್ನು ಸೋಲಾರಿಗೆ ಕೊಟ್ಟ ಮೇಲೆ ಹನುಮಂತರಾಯಪ್ಪನವರು ದನಗಳನ್ನೆಲ್ಲ ಮಾರಿದ್ದರು. ಗೃಹಪ್ರವೇಶಕ್ಕೆ ಹಸು ಬೇಕೆಂದು ಪುರೋಹಿತರು ಹೇಳಿದಾಗಲೇ ಅವರಿಗೆ ಎದುರು ಮನೆ ನೆನಪಾದದ್ದು.

ಹಾರ ಹಾಕಿಸಿಕೊಂಡ ಗೌರಿ ಠೀವಿಯಿಂದಲೇ ಬಂದಳು. ಹೊಸಿಲಿನಾಚೆ ಮುಖ ಕಾಣುವಷ್ಟು ನುಣುಪಾದ ಟೈಲ್ಸು. ಒಂದು ಗೊರಸಿಟ್ಟಳು, ಜಾರಿತು, ಹಿಂದೆ ಸರಿದು ನಿಂತುಬಿಟ್ಟಳು. ಯಾರೋ ಜಮಖಾನ ಹಾಸಿದರು. ಜಮಖಾನವೂ ಹಸುವಿನ ಕಾಲಿನ ಜೊತೆಗೇ ಜಾರಿತು. ಪುರೋಹಿತರು ಗಡಿಯಾರ ನೋಡತೊಡಗಿದರು. ಇಬ್ಬರು ಹಗ್ಗಕ್ಕೆ ಕೈಹಾಕಿದರು.

"ಎಳೀಬ್ಯಾಡ್ರಪ್ಪೋ! ಆರು ತಿಂಗಳ ಗಬ್ಬ ಅದು. ಕಾಲು ಮುರ್ಕಂಡ್ರೆ ನಾನು ಬದುಕೋದು ಹೆಂಗೆ?" ಅಂಜಿನಮ್ಮ ಹಸುವಿನ ಕೊರಳು ತಬ್ಬಿಕೊಂಡಳು.

"ಏನು ಮಾಡಾಣ ಹೇಳು ಮತ್ತೆ?" ಎಂದರು ಹನುಮಂತರಾಯಪ್ಪನವರು. ಪಾಪ, ಬೆವರುತ್ತಿದ್ದರು.

"ಮಣ್ಣು ಹಾಕ್ಸಣ್ಣಾ, ಅದಕ್ಕೆ ಮಣ್ಣು ಗೊತ್ತು."

ಅವರ ಕಾಂಪೌಂಡಿನೊಳಗೆ ಹುಡುಕಿದರೂ ಮಣ್ಣಿರಲಿಲ್ಲ, ಎಲ್ಲಾ ಸಿಮೆಂಟು. ಕೊನೆಗೆ ಅಂಜಿನಮ್ಮನ ಅಂಗಳದಿಂದಲೇ ಆರು ಮಂಕರಿ ಕೆಮ್ಮಣ್ಣು ಬಂತು. ಹೊಳೆಯುವ ಟೈಲ್ಸಿನ ಮೇಲೆ ಅದನ್ನು ಸುರಿದು ನೀರು ಚಿಮುಕಿಸುವಾಗ ಮನೆಯೊಡತಿ ಕಣ್ಣು ಮುಚ್ಚಿಕೊಂಡರು. ಗೌರಿ ಮೂಸಿ ನೋಡಿ, ಸರಸರನೆ ಒಳಗೆ ನಡೆದು, ನಡುಮನೆಯಲ್ಲಿ ಧಾರಾಳವಾಗಿ ಗಂಜಲ ಹೊಯ್ದಳು. "ಶುಭ! ಶುಭ!" ಎಂದರು ಪುರೋಹಿತರು. ಮನೆಯೊಡತಿಯೂ ನಕ್ಕರು.

ಊಟಕ್ಕೆ ನನ್ನ ಎಲೆಗೆ ಮೂರು ಹೋಳಿಗೆ ಬಿತ್ತು, ಬೇಡವೆನ್ನಲಿಲ್ಲ. ಹನುಮಂತರಾಯಪ್ಪನವರು ಅಂಜಿನಮ್ಮನಿಗೆ ಸೀರೆ ಕೊಡಲು ಬಂದರು.

"ಸೀರೆ ಇರ್ಲಿ ಅಣ್ಣಾ. ನಿಮ್ಮ ಹೊಲದಾಗಿನ ಹುಲ್ಲು ಕುಯ್ಕಳಾಕೆ ಬುಡ್ಸು."

"ನನ್ನ ಹೊಲಕ್ಕೆ ನನ್ನೇ ಬುಡಲ್ಲ ಕಣಮ್ಮ, ನಿನ್ನ ಹೆಂಗೆ ಬುಡ್ಸಲಿ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಒಂದು ಡಬ್ಬಿಗೆ ಹೋಳಿಗೆ ತುಂಬಿಸಿಕೊಂಡು ಹೊಲದ ಕಡೆ ಹೊರಟರು. ಅಂಜಿನಮ್ಮ ಕುಡುಗೋಲು ಹಿಡಿದು ಹಿಂದೆ ನಡೆದಳು. ನನ್ನ ಬಸ್ಸೂ ಆ ಕಡೆಯೇ ನಿಲ್ಲುವುದಾದ್ದರಿಂದ ಜೊತೆಗೆ ಹೋದೆ.

ಸೋಲಾರ್ ಬೇಲಿಯ ಗೇಟಿನ ಕಾವಲುಗಾರ ಹೋಳಿಗೆ ತೆಗೆದುಕೊಂಡ, ತಲೆ ಕೆರೆದುಕೊಂಡ. "ಆಯಮ್ಮನ್ನ ಬುಡಾಕಾಗಲ್ಲ ಸ್ವಾಮಿ. ಜಮೀನಿನ ಯಜಮಾನ್ರು ಅಂತ ಬೇಕಾದ್ರೆ ನೀವೊಬ್ರು ಹೋಗಿ, ಒಂದ್ಗಂಟೆ."

ಹನುಮಂತರಾಯಪ್ಪನವರು ಅಂಜಿನಮ್ಮನ ಕಡೆ ಕೈ ಚಾಚಿದರು. ಅವಳಿಗೆ ಅರ್ಥವಾಗಲಿಲ್ಲ.

"ಕುಡುಗೋಲು ಕೊಡಮ್ಮ," ಎಂದರು.

ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ಮೂರಂತಸ್ತಿನ ಮನೆಯ ಯಜಮಾನರು ರೇಷ್ಮೆ ಪಂಚೆ ಎತ್ತಿ ಕಟ್ಟಿ, ತಮ್ಮದೇ ಹೊಲದಲ್ಲಿ ಬಗ್ಗಿ ಕುಯ್ಯುತ್ತಿದ್ದರು. ಕುಯ್ದದ್ದನ್ನು ಬೇಲಿಯ ಮೇಲಿಂದ ಎಸೆಯುತ್ತಿದ್ದರು. ಈಚೆಗೆ ನಿಂತ ಅಂಜಿನಮ್ಮ ಹೊರೆ ಕಟ್ಟುತ್ತಾ ಕೂಗುತ್ತಿದ್ದಳು: "ಬುಡಕ್ಕೆ ಕುಯ್ಯಣ್ಣಾ, ಬುಡಕ್ಕೆ! ಮರ್ತೋಯ್ತಾ?"