ನವಿಲು ನೋಡಿದ ಕಡೆ

ತಿರುಪ್ಪೂರಿನ ಬನಿಯನ್ ಕಂಪನಿಯ ಸೂಪರ್‌ವೈಸರ್ ಸೌಡಪ್ಪನ್‌ಗೆ ಭಾನುವಾರ ಬಂತೆಂದರೆ ಮೈಮೇಲೆ ದೇವರು ಬಂದಂತೆ. ಗುಜರಿಯಿಂದ ಹೊತ್ತು ತಂದ ಎಂಬತ್ತರ ದಶಕದ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಟಿ.ವಿ.ಗೆ ತಂತಿ ಸಿಕ್ಕಿಸಿ, ಅಕ್ಕಿ ಡಬ್ಬದ ಮೇಲೆ ಕ್ಯಾಮೆರಾ ಕೂರಿಸಿ, “ವಣಕ್ಕಂ, ಎಲ್ಲಾರೂ ಸೌಖ್ಯವಾ?” ಎಂದು ತಮಿಳು ಬೆರೆತ ಮನೆಯ ಕನ್ನಡದಲ್ಲೇ ವಿಡಿಯೊ ಶುರು ಮಾಡುತ್ತಾನೆ. ಯಂತ್ರ ನಿಂತುಹೋದರೆ, “ಅದುಕ್ಕೂ ಕೋವ ಬರ್ತದೆ, ಕೊಂಜ ಹೊತ್ತು ಬಿಡಿ” ಎಂದು ಸಿಟ್ಟಾದ ಮಗುವನ್ನು ರಮಿಸುವಂತೆ ಅದರ ಬೆನ್ನು ಸವರುತ್ತಾನೆ. ಇಂಟರ್‌ನೆಟ್ ಸೆಂಟರಿನಲ್ಲಿ ಅರ್ಧ ದಿನ ಕೂತು ಏರಿಸಿದ ವಿಡಿಯೊವನ್ನು ಹನ್ನೊಂದು ಸಲ ನೋಡಿದ್ದಾರೆಂದು ಬೀಗುತ್ತಾನೆ. ಅದರಲ್ಲಿ ಒಂಬತ್ತು ಸಲ ನೋಡಿದವನು ತಾನೇ. ಮನೆಯ ಮಗ್ಗ ಮಾರಿದಂದಿನಿಂದ ನೇಯ್ಗೆಯ ಮಾತೇ ಎತ್ತದ ಅವ್ವ ಪಳನಿಯಮ್ಮ ಮಾತ್ರ, “ಡಬ್ಬಕ್ಕೆ ಏನು ಸೇವೆಯೋ!” ಎಂದು ಆ ಕಡೆ ತಲೆಯೂ ಹಾಕುತ್ತಿರಲಿಲ್ಲ. ಈ ಭಾನುವಾರ ಸೌಡಪ್ಪನ್, ತೀರಿಹೋದ ಅಪ್ಪನ ಜಕಾರ್ಡ್ ಮಗ್ಗಕ್ಕೆ ಸೀರೆಯ ಚಿತ್ತಾರ ಹೇಳಿಕೊಡುತ್ತಿದ್ದ, ತೂತು ಕೊರೆದ ರಟ್ಟುಗಳನ್ನು ಅಟ್ಟದಿಂದ ಇಳಿಸಿ, ತೂತಿಗೊಂದು ಚುಕ್ಕೆ ಮೂಡುವಂತೆ ಪ್ರೋಗ್ರಾಂ ಬರೆದ. ಕ್ಯಾಮೆರಾ ಓಡುತ್ತಿರುವಾಗಲೇ ಟಿ.ವಿ.ಯಲ್ಲಿ ಸೀರೆ ಸೆರಗಿನ ನವಿಲು ಎಡಕ್ಕೆ ಮುಖ ಮಾಡಿ, ಚುಕ್ಕೆಗಳ ಸಾಲುಸಾಲಾಗಿ ಮೂಡಿತು. ಸೌಟು ಹಿಡಿದೇ ಬಂದ ಅವ್ವ ನಿಂತುಬಿಟ್ಟಳು. “ಅಯ್ಯೋ ಸೌಡಾ, ಇದು ಹಿಂಬದಿ! ನೆಯ್ವಾಗ ಸೀರೆ ಮೊಗ ಕೆಳಕ್ಕಿರ್ತದೆ. ನಿಮ್ಮಪ್ಪ ಮಗ್ಗದ ಕೆಳಗೆ ಕನ್ನಡಿ ಹಿಡಿದೇ ನೋಡೋರು. ನಮ್ಮ ನವಿಲು ಬಲಕ್ಕಲ್ವಾ ನೋಡೋದು?” ಎಂದವಳೇ ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಆ ಕನ್ನಡಿಯನ್ನೇ ತಂದು ಟಿ.ವಿ.ಯ ಎದುರು ಹಿಡಿದಳು. ಕನ್ನಡಿಯೊಳಗೆ ನವಿಲು ಬಲಕ್ಕೆ ತಿರುಗಿತು. ಸೌಡಪ್ಪನ್ ಕ್ಯಾಮೆರಾವನ್ನು ಕನ್ನಡಿಯತ್ತ ತಿರುಗಿಸಿದ. ಅವ್ವ ಹೇಳಿದಳು: “ಅಟ್ಟದಲ್ಲಿ ಇನ್ನೂ ಹದಿನಾಲ್ಕು ಕಟ್ಟು ರಟ್ಟು ಅದೆ. ಇಳಿಸು. ಯಾವುದು ಎತ್ತ ನೋಡ್ತದೆ ಅಂತ ನಾನು ಹೇಳ್ತೀನಿ.”