ಕಾಕಾರಿಗೆ ಮಾರಿದ ಪಿಸ್ತೂಲು

ನಿಮ್ಮ ಕೈ ಕೆಟ್ಟಿರಲಿಲ್ಲ, ಕಾಕಾ. ಕೆಟ್ಟದ್ದು ನಾನು ನಿಮಗೆ ಮಾರಿದ ಪಿಸ್ತೂಲು. ಮಾರುವ ಮೊದಲೇ ನನಗದು ಗೊತ್ತಿತ್ತು.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಮಿಸಿಸಾಗದ ಆಫೀಸಿನಲ್ಲಿ ಕೂತಿರುವಾಗ ಫೋನಿನ ಮೇಲೆ ನಿಮ್ಮ ಹೆಸರು ಕಂಡರೆ ಈಗಲೂ ಎರಡು ರಿಂಗ್ ಬಿಟ್ಟು ಎತ್ತುತ್ತೇನೆ — ಗೊತ್ತಾಯಿತೇನೋ, ಇವತ್ತು ಕೇಳಿಯೇ ಬಿಡುತ್ತಾರೇನೋ ಎಂದು. ನೀವು ಕೇಳುವುದು ನನ್ನ ಹೆಂಡತಿಯ ಮಂಡಿನೋವು ಹೇಗಿದೆ ಎಂದು.

ಬೋಲ್ಟನ್ನಿನ ಆಚೆಯ ಶೂಟಿಂಗ್ ಕ್ಲಬ್ಬಿಗೆ ನನ್ನನ್ನು ಕರೆದೊಯ್ದವರೇ ನೀವು. ಬೆಳಗಾವಿಯಿಂದ ಈ ಪರದೇಶಕ್ಕೆ ಬಂದು ಆಯುಷ್ಯವೆಲ್ಲ ಇಲ್ಲಿಯ ಜನರ ಹಲ್ಲು ಕಿತ್ತು, ನಿವೃತ್ತಿಯ ಮೇಲೆ ಕಾಗದದ ಗುರಿಗೆ ಹೊಡೆಯುವ ಹುಚ್ಚು ಹತ್ತಿಸಿಕೊಂಡ ಡಾಕ್ಟರು. ಧಾರವಾಡದವನು ಎಂದು ನನ್ನನ್ನು ಮನೆಯವನಂತೆ ನೋಡಿದಿರಿ. ಪಿಸ್ತೂಲನ್ನು ಪರೀಕ್ಷಿಸುವುದು ಹೇಗೆಂದು ಕಲಿಸಿದವರೂ ನೀವೇ. “ಹೊಸಾ ಪಿಸ್ತೂಲು ಅಂದ್ರ ಹೊಸಾ ಅಳಿಯ ಇದ್ದಂಗ. ಮೊದಲನೇ ದಿನ ಎಲ್ಲಾರೂ ಛಲೋನ. ಬ್ಯಾರೆ ಬ್ಯಾರೆ ಕಂಪನಿ ಗುಂಡು ಹಾಕು, ಡಬ್ಬಿಗಟ್ಟಲೆ ಹೊಡಿ. ಒಮ್ಮಿನೂ ತಡವರಿಸಲಿಲ್ಲಂದ್ರ ಆಮ್ಯಾಲೆ ನಂಬು.”

ನಾನು ನಂಬಿದ್ದು ಬೆಲೆಯನ್ನು. ನಾನು ಕೊಂಡ ಪಿಸ್ತೂಲು ಚಿಕ್ಕದು, ಹಗುರ, ಉಳಿದವರು ಕೊಟ್ಟದ್ದರ ಅರ್ಧಕ್ಕೆ ಸಿಕ್ಕಿತು ಎಂದು ಕ್ಲಬ್ಬಿನಲ್ಲೆಲ್ಲ ಕೊಚ್ಚಿಕೊಂಡೆ. ಮೊದಲ ಡಬ್ಬಿ ಚೆನ್ನಾಗಿಯೇ ಹೋಯಿತು. ಎರಡನೆಯದರಿಂದ ಶುರುವಾಯಿತು — ಖಾಲಿ ತೋಟಾ ಹೊರಗೆ ಬೀಳದೆ ಬಾಯಲ್ಲೇ ಕಚ್ಚಿಕೊಂಡು ಜಾಮ್. ಎಣ್ಣೆ ಹಾಕಿದೆ, ಗುಂಡು ಬದಲಿಸಿದೆ, ನೀವು ಬಾರದ ದಿನ ನೋಡಿ ಒಬ್ಬನೇ ಹೋಗಿ ಹೊಡೆದೆ. ಮತ್ತೆ ಜಾಮ್. “ಅಗ್ಗ ಅಂತ ಮುಗ್ಗಲ ಜೋಳ ತಂದ್ರಿ,” ಎಂದಳು ಹೆಂಡತಿ. ಯಾರಿಗೂ ಹೇಳಬೇಡ ಎಂದೆ.

ಅಷ್ಟರಲ್ಲಿ ಸರಕಾರ ಪಿಸ್ತೂಲುಗಳ ಮಾರಾಟವನ್ನೇ ನಿಲ್ಲಿಸಲಿದೆ ಎಂಬ ಸುದ್ದಿ ಬಂತು. ಆಮೇಲೆ ಕೊಳ್ಳುವಂತಿಲ್ಲ, ಕೊಡುವಂತಿಲ್ಲ, ಯಾರ ಬಳಿ ಏನಿದೆಯೋ ಅದೇ ಕೊನೆ. ನಿಮ್ಮ ಹಳೆಯ ಭಾರದ ಪಿಸ್ತೂಲನ್ನು ನೀವು ಆಗಲೇ ಮಾರಿ, ಚಿಕ್ಕದೊಂದನ್ನು ಹುಡುಕುತ್ತಿದ್ದಿರಿ. ಅಂಗಡಿಗಳು ಖಾಲಿಯಾಗಿದ್ದವು. ಈ ದರಿದ್ರ ನನ್ನ ಕೊರಳಿಗೇ ಬಿತ್ತಲ್ಲ ಎಂದು ನನಗೆ ನಿದ್ದೆಯಿಲ್ಲ. ಅದನ್ನು ಕೊಡುತ್ತೀಯಾ ಎಂದು ನೀವಾಗಿಯೇ ಕೇಳಿದಿರಿ.

“ಖರೇ ಹೇಳಪಾ, ಒಮ್ಮಿಯಾದರೂ ಸಿಕ್ಕೊಂಡದೇನು?”

“ಇಲ್ರಿ ಕಾಕಾ. ಒಮ್ಮಿನೂ ಇಲ್ಲ.”

ನೀವು ಪರೀಕ್ಷೆ ಮಾಡದೆ ಕೊಂಡ ಪಿಸ್ತೂಲು ಅದೊಂದೇ.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ವ್ಯಾಪಾರದ ಮೋಸ. ನಿಲ್ಲಲಿಲ್ಲ. ನೀವು ಅದನ್ನು ಕ್ಲಬ್ಬಿಗೆ ತಂದ ದಿನ ನಾನು ನಿಮ್ಮ ಹಿಂದೆ ನಿಂತು ಗುಂಡು ಎಣಿಸುತ್ತಿದ್ದೆ. ಪ್ರತಿ ಗುಂಡಿಗೂ — ದೇವರೇ, ಇದೊಂದು ಹೋಗಲಿ, ಇದೊಂದು. ಸಿಕ್ಕಿಕೊಂಡಿತು. ನಳಿಕೆಯನ್ನು ಗುರಿಯ ಕಡೆಗೇ ಇಟ್ಟು, ಬಿಡಿಸಿ, ಮತ್ತೆ ಹೊಡೆದಿರಿ. ಮತ್ತೆ ಸಿಕ್ಕಿಕೊಂಡಿತು. ಪಿಸ್ತೂಲನ್ನು ಖಾಲಿ ಮಾಡಿ ಕೆಳಗಿಟ್ಟು, ನಿಮ್ಮ ಬಲಗೈಯನ್ನೇ ನೋಡಿಕೊಂಡು ಕೇಳಿದಿರಿ: “ನಿನ್ನ ಕೈಯಾಗ ಹಿಂಗ ಆಗತಿತ್ತೇನು?”

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು — “ಇಲ್ರಿ ಕಾಕಾ. ವಯಸ್ಸಾತಲ್ಲ… ಹಿಡಿತ ಸ್ವಲ್ಪ ಸಡ್ಲ ಆಗ್ಯದೇನೋ.”

ಹಿಡಿತ ಸಡಿಲವಿದ್ದರೂ ಪಿಸ್ತೂಲು ಜಾಮ್ ಆಗುವುದುಂಟು. ಅದಕ್ಕೇ ಈ ಸುಳ್ಳು ನಿಂತುಬಿಟ್ಟಿತು.

ನೀವು ಕ್ಲಬ್ಬು ಬಿಟ್ಟಿರಿ. ಆಮೇಲೆ 401 ಹೆದ್ದಾರಿಯ ಮೇಲೆ ಕಾರು ಓಡಿಸುವುದು ಬಿಟ್ಟಿರಿ. ಕೈಯನ್ನು ಟೆಸ್ಟ್ ಮಾಡಿಸಿದಿರಿ. ಏನೂ ಇಲ್ಲ ಎಂದರು. “ರಿಪೋರ್ಟ್ ಏನರೆ ಹೇಳಲಿ, ಪಿಸ್ತೂಲು ಸುಳ್ಳ ಹೇಳತದೇನು?” ಎಂದು ನಗುತ್ತ ನನಗೇ ಹೇಳಿದಿರಿ. ನಾನೂ ನಕ್ಕೆ. ಆ ನಗುವಿಗೆ ಏನೆನ್ನಲಿ — ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಹೋದ ಭಾನುವಾರ ವಿಟ್ಬಿಯಲ್ಲಿ ನಿಮ್ಮ ಮೊಮ್ಮಗಳ ನಾಮಕರಣ. ನಿಮ್ಮ ಮಗಳು ಕೂಸನ್ನು ನಿಮ್ಮ ಮುಂದೆ ಹಿಡಿದಳು. “Just hold her, ಅಪ್ಪಾ.” ನೀವು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಿರಿ. “ಬ್ಯಾಡವಾ, ಜಾರಿ ಬಿದ್ದರ?” ಅವಳು ಒತ್ತಾಯ ಮಾಡಲಿಲ್ಲ. ಅವಳೂ ನಂಬಿಬಿಟ್ಟಿದ್ದಾಳೆ, ಕಾಕಾ. ನಾನು ಅಲ್ಲೇ, ತಟ್ಟೆಯಲ್ಲಿ ಹೋಳಿಗೆ ಹಿಡಿದುಕೊಂಡು ನಿಂತಿದ್ದೆ.

ನಾಳೆ ಬರುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ಇಲ್ಲ, ಕೇಳುವುದಿಲ್ಲ. ನೀವು ಬಾಗಿಲಿನಿಂದಲೇ ಕಳಿಸಿದರೆ ಹೋಗುತ್ತೇನೆ. ಆದರೆ ನಿಮ್ಮೊಬ್ಬರಿಗೆ ಹೇಳಿ ಹೋಗುವುದಿಲ್ಲ, ನಿಮ್ಮ ಮಗಳನ್ನೂ ಕರೆಸಿ ಅವಳ ಮುಂದೆಯೇ ಹೇಳುತ್ತೇನೆ. ಕೂಸನ್ನು ನಿಮ್ಮ ಕೈಗೆ ಕೊಡಬೇಕಾದವಳು ಅವಳು.